ಆರಾ, ಏಳಾ?

ಹೊಟ್ಟೆಕಿಚ್ಚು ನನ್ನ ಹುಟ್ಟುಗುಣ. ಈಗ ಅದನ್ನು ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ. ತಂಗಿಯ ಜಡೆ ನನ್ನದಕ್ಕಿಂತ ಉದ್ದವಾಯಿತು ಅಂತ ಒಂದು ವಾರ ಅವಳ ಕೊಬ್ಬರಿ ಎಣ್ಣೆ ಬಾಟಲಿ ಬಚ್ಚಿಟ್ಟವಳು ನಾನು. ಮದುವೆಯಾಗಿ ಶಿವಮೊಗ್ಗದ ವಿದ್ಯಾನಗರದಿಂದ ಭದ್ರಾವತಿಗೆ ಹೊರಟಾಗ ಅಮ್ಮ ಹೇಳಿದ್ದು ಒಂದೇ ಮಾತು: "ಅಡಿಗೆ ಹೆಂಗೋ ಕಲೀತೀಯ. ಆ ಹೊಟ್ಟೆಕಿಚ್ಚೊಂದನ್ನ ಇಲ್ಲೇ ಬಿಟ್ಟು ಹೋಗು." ಬಿಟ್ಟು ಹೋಗಲು ಅದೇನು ಹಳೇ ಚಪ್ಪಲಿಯೇ? ಪಾತ್ರೆ ಪಗಡಗಳ ಜೊತೆ ಅದೂ ಬಸ್ಸು ಹತ್ತಿತು.

ತೊಂಬತ್ತರ ದಶಕದ ಕೊನೆಯ ಮಾತು ಇದು. ನ್ಯೂಟೌನಿನಲ್ಲಿ ನಮಗೆ ಸಿಕ್ಕಿದ್ದು ಕಾರ್ಖಾನೆಯ ಜೋಡಿ ಕ್ವಾರ್ಟರ್ಸು. ಎರಡು ಮನೆ, ಅಂಗಳದ ನಡುವೆ ಸೊಂಟದೆತ್ತರದ ಗೋಡೆ, ರಸ್ತೆಗೆ ಇಳಿಯಲು ಎರಡಕ್ಕೂ ಸೇರಿ ಒಂದೇ ಗೇಟು. ಪಕ್ಕದ ಮನೆಯಲ್ಲಿದ್ದದ್ದು ತಮಿಳು ದಂಪತಿ. ಅವಳಿಗೆ ನನಗಿಂತ ನಾಲ್ಕೈದು ವರ್ಷ ಹೆಚ್ಚು. ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲೇ. ಸಪೂರ ಮೈ, ನಕ್ಕರೆ ಮುಖವೆಲ್ಲ ನಗುವ ಹೆಂಗಸು. ಅವಳ ಗಂಡನಿಗೂ ನನ್ನ ಗಂಡನಿಗೂ ಕಾರ್ಖಾನೆಯಲ್ಲೇ ಕೆಲಸ, ಆದರೆ ಪಾಳಿ ಬೇರೆ. ಇವರು, ಅಂದರೆ ನನ್ನವರು, ಬೆಳಗಿನ ಪಾಳಿ ಮುಗಿಸಿ ಎರಡೂವರೆಗೆ ಮನೆಗೆ ಬರುವ ವಾರದಲ್ಲಿ ಅವಳ ಗಂಡ ಎರಡನೇ ಪಾಳಿಗೆ ಹೋಗಿ ಆಗಿರುತ್ತಿತ್ತು. ಬಂದ ತಿಂಗಳಲ್ಲೇ ನಾನು ಇದನ್ನು ಗಮನಿಸಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ಎರಡು ಮನೆಗೆ ಒಂದು ಗೇಟಾದರೆ ಗೇಟಿನ ಒಳಗಿನ ದಾರಿಯಲ್ಲಿ ರಂಗೋಲಿ ಯಾರು ಹಾಕಬೇಕು? ಮೊದಲು ಎದ್ದವರು. ವಿದ್ಯಾನಗರದಲ್ಲಿ ನನ್ನ ರಂಗೋಲಿ ಅಂದರೆ ದಾರಿಯಲ್ಲಿ ಹೋಗುವ ಹೆಂಗಸರು ನಿಂತು ನೋಡುತ್ತಿದ್ದರು. ಇಲ್ಲಿ ನಾನು ಕಣ್ಣುಜ್ಜಿಕೊಂಡು ಬಾಗಿಲು ತೆಗೆಯುವಷ್ಟರಲ್ಲಿ ಅವಳು ಹಾಕಿ ಮುಗಿಸಿ, ಕೈ ತೊಳೆದು, ಗಂಡನಿಗೆ ಡಬ್ಬಿ ಕಟ್ಟುತ್ತಿರುತ್ತಿದ್ದಳು. ನನಗೆ ಉಳಿದದ್ದು ನನ್ನ ಹೊಸ್ತಿಲು. ಒಂದು ಮೊಳದ ಜಾಗದಲ್ಲಿ ಏನು ಹಾಕಿದರೇನು, ಯಾರು ನೋಡುತ್ತಾರೆ?

ಮದುವೆಯಾಗಿ ಎರಡನೇ ವರ್ಷದ ಧನುರ್ಮಾಸದಲ್ಲಿ ಅವಳು ಹೊಸದೊಂದು ಶುರು ಮಾಡಿದಳು. ಸಂದು ಚುಕ್ಕಿ ಇಟ್ಟು, ಬಳ್ಳಿಯಿಲ್ಲ, ಎಲೆಯಿಲ್ಲ, ಬರೀ ಓರೆ ಗೆರೆಗಳು. ಆ ಗೆರೆಗಳ ನಡುವಿನ ಮನೆಗಳಿಗೆ ಮೂರು ಬಣ್ಣ: ರಂಗೋಲಿಯ ಬಿಳಿ ಪುಡಿ, ಇಟ್ಟಿಗೆ ಪುಡಿಯ ಕೆಂಪು, ಇದ್ದಿಲು ಪುಡಿಯ ಕಪ್ಪು. ಬಚ್ಚಲುಮನೆಗೆ ಹಾಸುವ ಟೈಲ್ಸಿನ ಹಾಗಿದೆ ಎಂದುಕೊಂಡು ನಾನು ಮೂತಿ ತಿರುವಿದೆ. ದಿನ ದಿನ ಅದನ್ನೇ ಹಾಕಿದಳು, ಬಣ್ಣದ ಜಾಗ ಮಾತ್ರ ಆಚೀಚೆ.

ಇವರು ಪಾಳಿ ಮುಗಿಸಿ ಬಂದು, ಸೈಕಲ್ಲನ್ನು ಗೇಟಿಗೆ ಒರಗಿಸಿ, ಆ ರಂಗೋಲಿಯ ಮುಂದೆ ನಿಲ್ಲುವುದನ್ನು ಶುರು ಮಾಡಿದರು. ಒಂದು ನಿಮಿಷವಲ್ಲ, ಎರಡು ನಿಮಿಷ. ನೋಡುತ್ತ ನೋಡುತ್ತ ನಗುವುದು. ಆಮೇಲೆ ಮೆಟ್ಟಿಲು ಹತ್ತುವವರ ಹಾಗೆ ಕಾಲನ್ನು ಅಷ್ಟೆತ್ತರ ಎತ್ತಿ ಅದನ್ನು ದಾಟುವುದು. ಅದನ್ನು ಕಂಡು ಅವಳು ಜಗುಲಿಯ ಮೇಲೆ ಕೂತು ನಗುವುದು. ನನ್ನ ರಂಗೋಲಿಯನ್ನು ಎರಡು ವರ್ಷದಲ್ಲಿ ಒಮ್ಮೆ ಚಪ್ಪಲಿಯಲ್ಲಿ ತುಳಿದು, "ಅಯ್ಯೋ, ಕಾಣ್ಲಿಲ್ಲ ಮಾರಾಯ್ತಿ" ಎಂದದ್ದು ಬಿಟ್ಟರೆ ಬೇರೇನೂ ಹೇಳದ ಮನುಷ್ಯ ಇವರು.

ಒಂದು ಮಧ್ಯಾಹ್ನ ಅಡುಗೆಮನೆಯ ಕಿಟಕಿಯಿಂದ ಅವಳ ದನಿ ಕೇಳಿಸಿತು.

"ಏನ್ ಸಾರ್, ಇವತ್ತು ಆರಾ, ಏಳಾ?"

"ಆರು," ಎಂದರು ಇವರು. ಸ್ವಲ್ಪ ತಡೆದು, "ಇಲ್ಲ ಇಲ್ಲ, ಏಳು!"

ಅವಳು ಕಿಲಕಿಲ ನಕ್ಕಳು. ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಆರು ಗಂಟೆಗಾ, ಏಳು ಗಂಟೆಗಾ? ಎಲ್ಲಿಗೆ? ಅವಳ ಗಂಡ ಬರುವುದು ಹತ್ತಕ್ಕೆ.

ಅಂದಿನಿಂದ ನನ್ನ ಕಾವಲು ಶುರುವಾಯಿತು. ಆರಕ್ಕೆ ಇವರು ಪೇಪರು ಓದಿದರು, ಅವಳು ದೇವರಿಗೆ ದೀಪ ಹಚ್ಚಿದಳು. ಏಳಕ್ಕೆ ಇವರು ರೇಡಿಯೋ ತಿರುವಿದರು, ಅವಳ ಮನೆಯಲ್ಲಿ ಕುಕ್ಕರು ಕೂಗಿತು. ಒಂದು ಸಂಜೆ ಏಳಕ್ಕೆ ಸರಿಯಾಗಿ ಇವರು ಎದ್ದು ಚಪ್ಪಲಿ ಮೆಟ್ಟಿದರು. ನಾನೂ ಸೆರಗು ಹೊದ್ದು ಹತ್ತು ಮಾರು ಹಿಂದೆ ಹೊರಟೆ. ಮೂಲೆ ಅಂಗಡಿಗೆ ಹೋಗಿ ಒಂದು ಬೆಂಕಿಪೊಟ್ಟಣ ಕೊಂಡು ತಿರುಗಿದವರು ನನಗೇ ಡಿಕ್ಕಿ ಹೊಡೆದರು. "ನೀನ್ಯಾಕೆ ಬಂದೆ?" ಎಂದರು. "ಉಪ್ಪು ಖಾಲಿ" ಎಂದೆ. ಮನೆಯಲ್ಲಿ ಎರಡು ಸೇರು ಉಪ್ಪಿತ್ತು. ಏನೂ ಸಿಗಲಿಲ್ಲವೆಂದು ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಎಷ್ಟು ಜಾಣತನದಿಂದ ಮುಚ್ಚಿಡುತ್ತಿದ್ದಾರೆ ಅನ್ನಿಸಿತು.

ಆದರೆ ನನ್ನನ್ನು ನಿಜವಾಗಿ ಸುಟ್ಟದ್ದು ಬೇರೆ. ಇವರಿಗೆ ಒಂದು ಅಭ್ಯಾಸವಿತ್ತು. ನಾನು ಕಾಫಿ ಲೋಟ ಚಾಚಿದರೆ ಸೀದಾ ಲೋಟಕ್ಕೆ ಕೈ ಹಾಕುತ್ತಿರಲಿಲ್ಲ. ಮೊದಲು ಎರಡು ಬೆರಳಿನಿಂದ ನನ್ನ ಮಣಿಕಟ್ಟು ಮುಟ್ಟಿ, ಅಲ್ಲಿಂದ ಬೆರಳು ಜಾರಿಸಿಕೊಂಡು ಹೋಗಿ ಲೋಟ ಹಿಡಿಯುತ್ತಿದ್ದರು. ಮಾತಿನಲ್ಲಿ ಪ್ರೀತಿ ಮಾಡಲು ಬಾರದ ಮನುಷ್ಯನ ಪ್ರೀತಿ ಇದು ಎಂದು ನಾನು ತಿಳಿದಿದ್ದೆ. ಅದಕ್ಕಾಗಿಯೇ ದಿನಕ್ಕೆ ಮೂರು ಸಲ ಕಾಫಿ ಕಾಯಿಸುತ್ತಿದ್ದೆ. ಆ ಧನುರ್ಮಾಸದ ಒಂದು ದಿನ ಅವಳು ಗೋಡೆಯಾಚೆಯಿಂದ ಇವರಿಗೆ ಹುಗ್ಗಿಯ ಬಟ್ಟಲು ಚಾಚಿದಳು. ಇವರು ಮೊದಲು ಅವಳ ಮಣಿಕಟ್ಟು ಮುಟ್ಟಿದರು. ಅದೇ ಎರಡು ಬೆರಳು. ಅವಳು ಕೈ ಹಿಂದಕ್ಕೆ ಎಳೆಯಲಿಲ್ಲ. ಇವರ ಬೆರಳು ಬಟ್ಟಲಿಗೆ ತಲುಪುವ ತನಕ ಅಲುಗದೆ ಹಿಡಿದು ನಿಂತಿದ್ದಳು.

ಆ ಹುಗ್ಗಿಯನ್ನು ನಾನು ಬಾಯಿಗಿಡಲಿಲ್ಲ. ಹೊಟ್ಟೆ ಉರಿಯುತ್ತದೆ ಅನ್ನುವುದು ಬರೀ ಗಾದೆ ಮಾತಲ್ಲ, ನಿಜವಾಗಿ ಉರಿಯುತ್ತದೆ, ಎದೆಗೂಡಿನ ಕೆಳಗೆ. ಮಾರನೆಯ ದಿನ ಇವರು ಗೇಟಿನಿಂದ ಒಳಗೆ ಬರುತ್ತಿದ್ದಂತೆ ಕೇಳಿಯೇ ಬಿಟ್ಟೆ.

"ಆರಾ ಏಳಾ ಅಂದ್ರೆ ಏನ್ರೀ?"

ಇವರು ಬೆದರುತ್ತಾರೆ ಎಂದುಕೊಂಡಿದ್ದೆ. ಬಿದ್ದು ಬಿದ್ದು ನಕ್ಕರು. ಕೈ ಹಿಡಿದು ಗೇಟಿನ ಹತ್ತಿರ ಕರೆದೊಯ್ದರು. "ಪೆಟ್ಟಿಗೆ ಮಾರಾಯ್ತಿ! ಎಷ್ಟು ಪೆಟ್ಟಿಗೆ ಕಾಣುತ್ತೆ ಅಂತ ಅವರು ಕೇಳೋದು. ಬಿಳೀದನ್ನ ಮುಚ್ಚಳ ಅಂದ್ಕೋ, ಆರು ಪೆಟ್ಟಿಗೆ ಒಂದರ ಮೇಲೊಂದು ಜೋಡಿಸಿದ ಹಂಗಿದೆ. ಹಂಗೇ ನೋಡ್ತಾ ಇರು, ಇದ್ದಕ್ಕಿದ್ದ ಹಂಗೆ ಮಗುಚುತ್ತೆ. ಬಿಳೀದು ತಳ ಆಗಿಬಿಡುತ್ತೆ. ಆಗ ಎಣಿಸಿದ್ರೆ ಏಳು."

ನೋಡಿದೆ. ನೆಲದ ಮೇಲೆ ಬಿಳಿ, ಕೆಂಪು, ಕಪ್ಪು ತುಂಡುಗಳು, ಚಪ್ಪಟೆಯಾಗಿ, ಹಪ್ಪಳದ ಹಾಗೆ. ಅಷ್ಟರಲ್ಲಿ ಅವಳೂ ಬಂದಳು. "ಇಲ್ಲಿ ನೋಡಮ್ಮಾ, ಈ ಮೂಲೆ ಮುಂದಕ್ಕೆ ಬರುತ್ತೆ, ಪಾರು," ಎಂದು ತಮಿಳು ಬೆರೆಸಿ ಬಗ್ಗಿ ತೋರಿಸಿದಳು. ಇವರು ಆ ಕಡೆಯಿಂದ, ಅವಳು ಈ ಕಡೆಯಿಂದ. "ಹಾಂ, ಈಗ ಮಗುಚ್ತು!" ಎಂದರು ಇವರು. "ನನಗೂ ಮಗುಚ್ತು ಸಾರ್!" ಎಂದಳು ಅವಳು. ನನ್ನ ಮುಂದೆ ಯಾವುದೂ ಮಗುಚಲಿಲ್ಲ.

ಇಬ್ಬರೂ ಸೇರಿ ಕತೆ ಕಟ್ಟುತ್ತಿದ್ದಾರೆ ಎಂದು ಮೊದಲು ಅಂದುಕೊಂಡೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವಳು ನಾನಲ್ಲ. ಆಮೇಲೆ, ನಿಜವೇ ಇದ್ದರೆ ಅನ್ನಿಸಿದಾಗ ಇನ್ನೂ ಕೆಟ್ಟದಾಯಿತು. ಇವರು ಅವಳ ಮನೆಗೆ ಹೋಗಿದ್ದರೆ ಹಿಂದೆ ಹೋಗಿ ಬಾಗಿಲು ಬಡಿಯಬಹುದಿತ್ತು. ಕಣ್ಣೆದುರಿಗೇ, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ, ಇಬ್ಬರೂ ಎಲ್ಲಿಗೋ ಹೋಗಿ ಬರುತ್ತಿದ್ದರು. ಅಲ್ಲಿಗೆ ನನಗೆ ದಾರಿ ಇರಲಿಲ್ಲ.

ಸಂಕ್ರಾಂತಿಗೆ ತವರಿಗೆ ಹೊರಟೆ. ಅಮ್ಮ ಕೊಟ್ಟಿದ್ದ ಬೆಳ್ಳಿ ಬಟ್ಟಲು, ದೀಪ ಎರಡನ್ನೂ ಸೀರೆಗಳ ಅಡಿಯಲ್ಲಿ ಇಟ್ಟುಕೊಂಡೆ. ತಿರುಗಿ ಬರುವುದಿಲ್ಲ ಎಂದು ತೀರ್ಮಾನ ಮಾಡಿಯಾಗಿತ್ತು. ಇವರು ಬಂದು ಕರೆದರೂ ಬರುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇವರು ಕಿಟಕಿಯ ಕೆಳಗೆ ನಿಂತು, "ಎಳ್ಳು ಬೆಲ್ಲ ಜಾಸ್ತಿ ತಾ," ಎಂದರು.

ತಂಗಿ ಆಗ ಶಿವಮೊಗ್ಗದಲ್ಲೇ ಬಿ.ಎ. ಓದುತ್ತಿದ್ದಳು, ಮನಶ್ಶಾಸ್ತ್ರ ತೆಗೆದುಕೊಂಡಿದ್ದಳು. ಹಬ್ಬದ ದಿನ ಊಟ ಮುಗಿದ ಮೇಲೆ ಒಂದು ರೆಕಾರ್ಡ್ ಪುಸ್ತಕ ಹಿಡಿದು ಬಂದಳು. "ಅಕ್ಕಾ, ಒಂದು ಪ್ರಯೋಗಕ್ಕೆ ಒಬ್ಬರು ಕಮ್ಮಿ ಬಿದ್ದಿದ್ದಾರೆ, ಕೂತ್ಕೋ." ಒಂದು ಹಾಳೆ ಮುಂದಿಟ್ಟಳು. ಬರೀ ಗೆರೆಗಳಲ್ಲಿ ಬರೆದ ಚೌಕಟ್ಟು. ಒಂದು ನಿಮಿಷ ಇದನ್ನೇ ನೋಡಬೇಕು, ಪೆಟ್ಟಿಗೆ ಮಗುಚಿದಾಗಲೆಲ್ಲ ಪೆನ್ಸಿಲಿನಿಂದ ಮೇಜು ತಟ್ಟಬೇಕು, ಅವಳು ಎಣಿಸಿಕೊಳ್ಳುತ್ತಾಳೆ.

ಪೆಟ್ಟಿಗೆ! ನನ್ನ ಮೈಯೆಲ್ಲ ಕಿವಿಯಾಯಿತು. "ಇದು ಕಾಲೇಜಲ್ಲೂ ಇದೆಯೇನೇ?" ಎಂದೆ.

"ಪಾಠದಲ್ಲೇ ಇದೆ. ಯಾಕೆ?"

ಪೆನ್ಸಿಲು ಹಿಡಿದು ಕೂತೆ. ಒಂದು ನಿಮಿಷ ಕಳೆಯಿತು. ನನ್ನ ಪೆನ್ಸಿಲು ಒಂದು ಸಲವೂ ಮೇಜು ಮುಟ್ಟಲಿಲ್ಲ. ತಂಗಿ ತಲೆ ಚಚ್ಚಿಕೊಂಡಳು. "ನೀನು ಕಲ್ಲು ಕಣೇ. ನೋಡು, ಹಾಳೆ ಬದಲಾಗಲ್ಲ. ಕಣ್ಣಿಗೆ ಬೀಳೋದೂ ಬದಲಾಗಲ್ಲ. ಮೆದುಳು ಆ ಗೆರೆಗೆ ಒಂದು ಅರ್ಥ ಹಚ್ಚುತ್ತೆ, ಅದನ್ನ ಹಿಡ್ಕೊಂಡು ಹಿಡ್ಕೊಂಡು ಸುಸ್ತಾಗಿ ಇನ್ನೊಂದು ಅರ್ಥಕ್ಕೆ ಹಾರುತ್ತೆ. ಎರಡೂ ಸರಿ. ಆದ್ರೆ ಎರಡೂ ಒಟ್ಟಿಗೆ ಕಾಣಲ್ಲ. ಅಮ್ಮ ಬೆಳಿಗ್ಗೆ 'ಏಳೇ, ಏಳಾಯ್ತು' ಅಂತಾಳಲ್ಲ? ಎರಡೂ ಕಡೆ ಅದೇ ಏಳು. ಒಂದು ಎದ್ದೇಳು, ಇನ್ನೊಂದು ಗಂಟೆ. ಯಾವ್ದು ಅಂತ ಹೇಳೋದು ಕಿವಿಯಲ್ಲ, ಇದು," ಎಂದು ನನ್ನ ತಲೆ ಕುಟ್ಟಿದಳು.

ಏಳು ಅಂದಾಗ ನನ್ನ ತಲೆ ಯಾವ ಅರ್ಥ ಹಚ್ಚಿತ್ತು ಎಂಬುದು ನನಗೇ ಗೊತ್ತಿತ್ತು. ಉಳಿದವರ ಮೆದುಳು ಒಂದು ಅರ್ಥ ಹಿಡಿದು ಸುಸ್ತಾಗುತ್ತದಂತೆ. ನನ್ನದು ಒಂದೇ ಅರ್ಥವನ್ನು ತಿಂಗಳು ಪೂರ್ತಿ ಹಿಡಿದಿತ್ತು, ಬೆವರೂ ಬಂದಿರಲಿಲ್ಲ.

"ಒಂದು ಕಣ್ಣು ಮುಚ್ಕೊಂಡು ನೋಡು," ಎಂದಳು ತಂಗಿ. "ಎರಡು ಕಣ್ಣು ಸೇರಿದ್ರೆ ಇದು ಬರೀ ಚಪ್ಪಟೆ ಹಾಳೆ ಅಂತ ಮೆದುಳಿಗೆ ಚಾಡಿ ಹೇಳ್ತವೆ. ದೂರ ಎಷ್ಟು, ಆಳ ಎಷ್ಟು ಅಂತ ಗೊತ್ತಾಗೋದೇ ಎರಡು ಕಣ್ಣಿನ ಲೆಕ್ಕದಿಂದ. ತುಂಬ ಜನಕ್ಕೆ ಎರಡು ಕಣ್ಣು ಬಿಟ್ಟುಕೊಂಡೂ ಕಾಣುತ್ತೆ. ನಿನ್ನಂಥ ಕಲ್ಲಿಗೆ ಒಂದು ಮುಚ್ಚಿದ್ರೆ ಸುಲಭ."

ಎಡಗಣ್ಣಿಗೆ ಅಂಗೈ ಒತ್ತಿಕೊಂಡೆ. ಮೊದಲು ಏನೂ ಇಲ್ಲ. ಆಮೇಲೆ ಹಾಳೆಯಿಂದ ಒಂದು ಮೂಲೆ ಸರಕ್ಕನೆ ನನ್ನ ಕಡೆ ಬಂತು. ಪೆಟ್ಟಿಗೆ! ಗಾಳಿಯಲ್ಲಿ ನಿಂತಿದೆ! ನಾನು ಕೂಗಿಕೊಂಡೆ. ಕೂಗುತ್ತಿರುವಾಗಲೇ ಅದು ಮಗುಚಿತು, ಮುಂದಿನ ಮೂಲೆ ಹಿಂದಕ್ಕೆ ಹೋಯಿತು. ನಿಲ್ಲು ಅಂದರೂ ನಿಲ್ಲದು, ಹೋಗು ಅಂದರೂ ಹೋಗದು. ಪೆನ್ಸಿಲಿನಿಂದ ಮೇಜನ್ನು ದೆವ್ವ ಮೆಟ್ಟಿದವಳ ಹಾಗೆ ತಟ್ಟಿದೆ. ಅಮ್ಮ ನಿದ್ದೆಯಿಂದ ಎದ್ದು ಬಂದು, "ಏನಾಯ್ತೇ ಇವಳಿಗೆ?" ಎಂದಳು.

ಮಾರನೆಯ ಬೆಳಿಗ್ಗೆ ಭದ್ರಾವತಿ ಬಸ್ಸು ಹತ್ತಿದೆ. ತೀರ್ಮಾನ ಬದಲಾಗಿತ್ತು ಎಂದಲ್ಲ. ಬೆಳ್ಳಿ ಬಟ್ಟಲು, ದೀಪ ಎರಡನ್ನೂ ಅಮ್ಮನ ಬೀರುವಿನಲ್ಲೇ ಬಿಟ್ಟಿದ್ದೆ. ಆ ರಂಗೋಲಿಯ ಮುಂದೆ ನಿಂತು, ಆರೂ ಎಣಿಸಿ, ಏಳೂ ಎಣಿಸಿ, ನನಗೂ ಕಾಣುತ್ತದೆ ಎಂದು ಅವಳ ಮುಖಕ್ಕೆ ಹೇಳಿ, ಆಮೇಲೆ ಬೇಕಿದ್ದರೆ ತವರಿಗೆ ತಿರುಗಿ ಬಂದರಾಯಿತು ಎಂದುಕೊಂಡಿದ್ದೆ. ಬಸ್ಸಿನಲ್ಲಿ ಅಭ್ಯಾಸ ಮುಂದುವರಿಸಿದೆ. ಎಡಗಣ್ಣು ಮುಚ್ಚಿ ಮುಂದಿನ ಸೀಟಿನ ಸರಳು ನೋಡಿದೆ, ಕಿಟಕಿಯಾಚೆಯ ಕಂಬ ನೋಡಿದೆ. ಹಾಗೆಯೇ ಇದ್ದಾಗ ಕಂಡಕ್ಟರ್ ಬಂದು ಟಿಕೆಟ್ ಚಾಚಿದ. ಕೈ ಹಾಕಿದೆ. ಬೆರಳಿಗೆ ಸಿಕ್ಕಿದ್ದು ಗಾಳಿ. ಮತ್ತೆ ಹಾಕಿದೆ, ಟಿಕೆಟ್ಟಿನ ಆಚೆ ಹೋಯಿತು. ಮೂರನೇ ಸಲ ಅವನ ಮಣಿಕಟ್ಟು ಮುಟ್ಟಿ, ಅಲ್ಲಿಂದ ಬೆರಳು ಜಾರಿಸಿ ಟಿಕೆಟ್ ಹಿಡಿದೆ.

ಒಂದು ಕಣ್ಣು ಮುಚ್ಚಿ ಕೈ ಹಿಡಿದ ಹೆಂಗಸನ್ನು ಕಂಡು ಕಂಡಕ್ಟರ್, "ಏನಮ್ಮಾ ಇದು?" ಎಂದು ಹಿಂದೆ ಸರಿದ. ಪಕ್ಕದ ಸೀಟಿನ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿತು. ನನಗೆ ನಾಚಿಕೆಯಾಗುವಷ್ಟೂ ವ್ಯವಧಾನವಿರಲಿಲ್ಲ. ನನ್ನ ಎರಡು ಬೆರಳನ್ನೇ ನೋಡುತ್ತ ಕೂತೆ. ಇವರ ಬೆರಳು ನನ್ನ ಕೈ ಮೇಲೆ ದಿನಕ್ಕೆ ಮೂರು ಸಲ ಮಾಡುತ್ತಿದ್ದದ್ದು ಇದನ್ನೇ.

ಮನೆ ತಲುಪಿದಾಗ ಇವರು ಜಗುಲಿಯಲ್ಲಿದ್ದರು. ಅವತ್ತು ರಜೆ. ಗೇಟಿನ ಒಳಗಿನ ರಂಗೋಲಿಯನ್ನು ನಾನು ನೋಡಲೂ ಇಲ್ಲ. "ಇಷ್ಟು ಬೇಗ ಬಂದ್ಯಾ? ಎಳ್ಳು ಬೆಲ್ಲ?" ಎಂದರು. ಒಳಗೆ ಹೋಗಿ ಕಾಫಿ ಮಾಡಿದೆ. ಲೋಟ ತಂದು ಎದುರಿಗೆ ನಿಂತು ಚಾಚಿದೆ. ಇವರ ಕೈ ಮೇಲೆದ್ದಾಗ ನನ್ನ ಇನ್ನೊಂದು ಅಂಗೈಯನ್ನು ಇವರ ಎಡಗಣ್ಣಿನ ಮೇಲಿಟ್ಟೆ. ಇವರು ನಕ್ಕರು. "ಏನಿದು ಹುಡುಗಾಟ?" ಎನ್ನುತ್ತ ನನ್ನ ಮಣಿಕಟ್ಟು ಮುಟ್ಟಿದರು. ಅಂಗೈಯನ್ನು ಬಲಗಣ್ಣಿಗೆ ಸರಿಸಿ, ಲೋಟ ಹಿಡಿದ ಕೈಯನ್ನು ಹಿಂದಕ್ಕೆ ತೆಗೆದೆ.

ನಗು ನಿಂತಿತು. ಎಡಗಣ್ಣು ತೆರೆದೇ ಇತ್ತು, ಇನ್ನೊಂದರಷ್ಟೇ ಚಂದದ ಕಣ್ಣು. ಅದು ನನ್ನ ಮುಖದತ್ತಲೇ ಇತ್ತು. ಆದರೆ ಇವರ ಕೈ ಮಾತ್ರ ಲೋಟವೂ ನನ್ನ ಮಣಿಕಟ್ಟೂ ಇಲ್ಲದ ಕಡೆ ಗಾಳಿಯಲ್ಲಿ ತಡಕಾಡುತ್ತಿತ್ತು.

"ಯಾವಾಗಿಂದ?" ಎಂದೆ.

ತಮ್ಮೂರು ಕುಂಸಿಯಲ್ಲಿ, ಒಂಬತ್ತು ವರ್ಷದವರಿದ್ದಾಗ, ಚಿನ್ನಿದಾಂಡು ಆಡುವಾಗ ಚಿನ್ನಿ ಹಾರಿ ಬಂದು ಎಡಗಣ್ಣಿಗೆ ಬಡಿದಿತ್ತು. ಹೊರಗಿನ ಗಾಯ ವಾಸಿಯಾಯಿತು, ಒಳಗಿನ ಬೆಳಕು ಹೋಯಿತು. ಅತ್ತೆ ಯಾರಿಗೂ ಹೇಳಬೇಡ ಅಂದಿದ್ದರಂತೆ. ನನ್ನನ್ನು ನೋಡಲು ಬಂದಾಗಲೂ ಅದೇ ಮಾತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ಇವರ ಕಡೆಯವರು ಒಂದೇ ಸುಳ್ಳಿನಲ್ಲಿ ಮುಗಿಸಿದ್ದರು. ಅದೂ ಬಾಯಿ ಬಿಟ್ಟು ಹೇಳಿದ ಸುಳ್ಳಲ್ಲ. ಎಡಗಡೆ ಇಟ್ಟದ್ದಕ್ಕೆ ಡಿಕ್ಕಿ ಹೊಡೆಯುತ್ತಿದ್ದದ್ದು, ಸೂಜಿಗೆ ದಾರ ಪೋಣಿಸು ಎಂದರೆ ಏನಾದರೂ ನೆಪ ಹೇಳಿ ಏಳುತ್ತಿದ್ದದ್ದು, ಎಲ್ಲ ಒಂದೊಂದಾಗಿ ನೆನಪಿಗೆ ಬಂದವು. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆಯೇ ಪ್ರಶ್ನೆ.

"ಹಂಗಾದ್ರೆ ನನ್ನ ಕೈ ಮುಟ್ತಿದ್ದಿದ್ದು?"

ಇವರು ನೆಲ ನೋಡಿದರು. "ಮೊದಮೊದಲು ಲೋಟ ಎಲ್ಲಿದೆ ಅಂತ ತಿಳಿಯೋಕೆ. ಆಮೇಲೆ ಅಭ್ಯಾಸ ಆಯ್ತು."

"ಪಕ್ಕದ ಮನೆಯೋಳ ಕೈ?"

"ಅದು ಬಟ್ಟಲು ಎಲ್ಲಿದೆ ಅಂತ ತಿಳಿಯೋಕೆ ಮಾರಾಯ್ತಿ!"

ನಗು ಬಂತು, ಅಳುವೂ ಬಂತು. ತಿಂಗಳಿಂದ ಎದೆಯ ಕೆಳಗಿದ್ದ ಉರಿ ತಟ್ಟನೆ ಆರಿದ ಹಾಗಾಯಿತು. ಅವಳೊಂದಿಗೆ ಏನೂ ಇಲ್ಲ. ಏನೂ ಇರಲಿಲ್ಲ. ಅಲ್ಲಿಗೇ ಸುಮ್ಮನಾಗಬೇಕಿತ್ತು. ಸುಮ್ಮನಾಗುವವಳಾಗಿದ್ದರೆ ನಾನು ನಾನಾಗಿರುತ್ತಿರಲಿಲ್ಲ.

"ಅವಳಿಗೆ ಇದು ಗೊತ್ತಾ?"

"ಗೊತ್ತು."

"ನೀವೇ ಹೇಳಿದ್ದಾ?"

"ನಾನೇನೂ ಹೇಳಲಿಲ್ಲ. ಆ ರಂಗೋಲಿ ಹಾಕಿದ ಮೊದಲನೇ ದಿನ ನಾನು ಕಾಲೆತ್ತಿ ದಾಟಿದ್ದು ನೋಡಿದ್ರು. ನೆಲದ ಮೇಲಿರೋದು ಗೆರೆನೋ ಮೆಟ್ಟಿಲೋ ನನಗೆ ಪಕ್ಕನೆ ಗೊತ್ತಾಗಲ್ಲ, ಅದಕ್ಕೆ ಎತ್ತಿ ಇಡ್ತೀನಿ. ಅವರ ಅಪ್ಪಂಗೂ ಒಂದು ಕಣ್ಣು ಇರಲಿಲ್ವಂತೆ, ಹಿಂಗೇ ದಾಟ್ತಿದ್ರಂತೆ. ಜಗುಲಿ ಮೇಲಿಂದಾನೇ ಕೇಳಿದ್ರು, 'ಯಾವ ಕಣ್ಣು ಸಾರ್?' ಅಂತ. ಎಡಗಣ್ಣು ಅಂದೆ. ಅಷ್ಟೇ. ಇನ್ನೊಂದು ಸಲ ಆ ಮಾತು ಎತ್ತಲಿಲ್ಲ."

"ನನಗೆ ಯಾಕೆ ಹೇಳ್ಲಿಲ್ಲ?"

"ಅವರು ಕೇಳಿದ್ರು," ಎಂದರು ಇವರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಎದುರಾಡಬಹುದಿತ್ತು. "ನೀನು ಕೇಳ್ತಿದ್ದಿದ್ದು ಎಲ್ಲಿಗೆ ಹೋಗಿದ್ರಿ, ಯಾರ ಹತ್ರ ನಿಂತಿದ್ರಿ ಅಂತ. ಅದಕ್ಕೆಲ್ಲ ಸರಿಯಾಗೇ ಉತ್ತರ ಹೇಳಿದ್ದೀನಿ."

ಕಾಫಿ ಆರಿ ಹೋಗಿತ್ತು. ಬಿಸಿ ಮಾಡುತ್ತೇನೆಂದು ಒಳಗೆ ಹೋದವಳು ಒಲೆಯ ಮುಂದೆ ನಿಂತೆ, ಒಲೆ ಹಚ್ಚಲಿಲ್ಲ. ಆ ವರ್ಷ ಬೆಳ್ಳಿ ಬಟ್ಟಲನ್ನು ವಾಪಸು ತಂದೆ, ಅವಳ ಹುಗ್ಗಿಯನ್ನೂ ತಿಂದೆ, ರಂಗೋಲಿಯಲ್ಲಿ ಆರು ಪೆಟ್ಟಿಗೆ, ಏಳು ಪೆಟ್ಟಿಗೆ ಎರಡನ್ನೂ ಎಣಿಸಿ ತೋರಿಸಿದೆ. ಅವಳು ಚಪ್ಪಾಳೆ ತಟ್ಟಿದಳು. ಒಳ್ಳೆಯವಳು. ಕೆಲವು ವರ್ಷಗಳ ಮೇಲೆ ಅವರು ಕ್ವಾರ್ಟರ್ಸು ಬಿಟ್ಟು ಹೋದಾಗ ನಾನೇ ಹೆಚ್ಚು ಅತ್ತವಳು. ಆದರೂ ಅವಳ ಮೇಲಿನ ಹೊಟ್ಟೆಕಿಚ್ಚು ಇವತ್ತಿಗೂ ಹೋಗಿಲ್ಲ. ಅವಳು ಜಗುಲಿಯ ಮೇಲೆ ಕೂತು, ಹತ್ತು ಮಾರು ದೂರದಿಂದ, ಒಂದೇ ಸಲಕ್ಕೆ ಕಂಡ ಆ ಕಣ್ಣಿನಲ್ಲಿ ನಾನು ಎರಡು ವರ್ಷ ಬೇರೆ ಹೆಂಗಸು ಯಾರಾದರೂ ಇದ್ದಾರಾ ಎಂದು ಇಣುಕಿ ಇಣುಕಿ ನೋಡಿದ್ದೆ.